ಖಾಲಿ ತೂಕ

ರಾಯಚೂರು ಗಂಜಿನ ಹಿಂದುಗಡೆ, ಹತ್ತಿ ಗೋದಾಮಿನ ಪಕ್ಕ
ನಮ್ಮ ಕಾಟಾ. ತಗಡಿನ ಕೋಣೆ, ಒಂದು ಕೂಲರು.
ಕೂಲರಿನ ಗಾಳಿ ನನಗಲ್ಲ, ಮೇಜಿನಡಿಯ ಡಬ್ಬಿಗೆ.
ಹದಿನಾರು ವರ್ಷದ ಲಾರಿ, ಟ್ರ್ಯಾಕ್ಟರು, ಬಂಡಿ
ಬಂದದ್ದು ಹೋದದ್ದು ಎಲ್ಲ ಅದರೊಳಗೆ:
ತುಂಬಿದ ತೂಕ, ಖಾಲಿ ತೂಕ, ಕಳೆದು ಉಳಿದದ್ದೇ ಮಾಲು.

ಡಿಸ್ಕ್ ತುಂಬಿದೆ ಎಂದು ಕೆಂಪು ಅಕ್ಷರ ಬಂದ ದಿನ
ಶಾಂತಮಲ್ಲಪ್ಪ ಸಾವುಕಾರರು ಅಂದರು,
"ಹಳೇದು ಯಾರಿಗೆ ಬೇಕವ್ವ, ಎಂಟು ವರ್ಷದ ಹಿಂದಿಂದೆಲ್ಲ ತೆಗೆದು ಒಗಿ."
ಒಗೆದೆ.
ಒಂದೇ ಸಾಲಿನ ಆಜ್ಞೆ, ಈ ತಾರೀಖಿಗಿಂತ ಹಿಂದಿನದೆಲ್ಲ.
ಏಳು ಲಕ್ಷದ ಹನ್ನೆರಡು ಸಾವಿರ ಚೀಟಿ,
ಒಂದು ಕಪ್ಪು ಚಹಾ ಆರುವುದರೊಳಗೆ.

ಆಮೇಲೆ ನೋಡಿದರೆ ಡಿಸ್ಕು ಹಾಗೇ ಇದೆ.
ತೊಂಬತ್ತಾರು ಪರ್ಸೆಂಟು. ಕೂದಲಷ್ಟೂ ಇಳಿದಿಲ್ಲ.
"ಅಳಿಸೀನಿ ಅಂದಿ, ಜಾಗ ಎಲ್ಲಿ?"
ಸಾವುಕಾರರು ನನ್ನ ಮುಖ ನೋಡಿದರು,
ಎಣಿಕೆಯಲ್ಲಿ ಚೀಲ ಕಡಿಮೆ ಬಂದಾಗ ಹಮಾಲರನ್ನು ನೋಡುವ ಹಾಗೆ.

ಹೇಗೆ ಹೇಳುವುದು.
ಅಳಿಸು ಅಂದರೆ ಅದು ಎತ್ತಿ ಹೊರಗೆ ಹಾಕುವುದಿಲ್ಲ,
ಹೆಸರಿನ ಮೇಲೊಂದು ಗೀಟು ಎಳೆಯುತ್ತದೆ, ಅಷ್ಟೆ.
ಕೇಳಿದರೆ ಇಲ್ಲ ಅನ್ನುತ್ತದೆ.
ಇಲ್ಲದವರು ಕೂತ ಜಾಗ ಮಾತ್ರ ಬಿಡುವುದಿಲ್ಲ,
ನಾಳೆ ಬರುವವರಿಗೆ ಇರಲಿ ಎಂದು
ತನ್ನ ಹತ್ತಿರವೇ ಹಿಡಿದುಕೊಂಡಿರುತ್ತದೆ.

ತಿಳಿದದ್ದು ಹಮಾಲರ ಮುಕದ್ದಮ ಬೂದೆಪ್ಪನಿಗೆ.
ಬೀಡಿ ಆರಿಸಿ ಬಾಗಿಲಿಗೆ ಒರಗಿದ:
"ನಿಟ್ಟಿನ ನಡುವಿನ ಚೀಲ ಎಳಕೊಂಡಂಗ ಅಲ್ಲೇನು?
ಹೊರಗಿಂದ ನೋಡಿದರ ಗೋಡಿ ನಿಂತಂಗ ನಿಂತಿರತೈತಿ,
ಒಳಗ ಬರೇ ಪೊಳ್ಳು.
ಒಂದೊಂದ ಇಳಿಸಿ, ಬ್ಯಾರೆ ಕಡೆ ಒತ್ತಿ ನಿಟ್ಟು ಹಚ್ಚಬೇಕು.
ಆದರ ಇಳಿಸಾಕ ಇನ್ನೊಂದು ಗೋದಾಮು ಬೇಕಲ್ಲವ್ವ,
ಖಾಲೀದು."

ಅದೇ ಫಜೀತಿ.
ಜಾಗ ಬಿಡಿಸಿಕೊಳ್ಳಲಿಕ್ಕೆ ಮೊದಲು ಜಾಗ ಬೇಕು.
ಉಳಿದವರೆಲ್ಲ ಎದ್ದು ಹೊಸ ಮನೆಗೆ ಹೋಗಿ
ಒತ್ತೊತ್ತಿ ಕೂತ ಮೇಲೆಯೇ ಹಳೆಯದನ್ನು ಕೆಡವುವುದು.
ಪಕ್ಕದ ಎಣ್ಣೆ ಮಿಲ್ಲಿನ ಖಾಜಾಬಿಯನ್ನು ಕಾಡಿ
ಎರಡು ದಿನದ ಮಾತಿಗೆ ಒಂದು ಡಿಸ್ಕ್ ತಂದೆ,
ಕಡ ತಂದ ಸಕ್ಕರೆಯ ಹಾಗೆ, ಸೆರಗಿನಲ್ಲಿ ಸುತ್ತಿ.

ರಾತ್ರಿ ಹತ್ತೂವರೆಗೆ ಕಾಟಾ ಬಂದ್.
ಆ ಕೆಲಸ ಮುಗಿಯುವ ತನಕ ಯಾರೂ ಬರೆಯುವಂತಿಲ್ಲ, ಓದುವಂತಿಲ್ಲ.
ದೇವದುರ್ಗದಿಂದ, ಮಾನ್ವಿಯಿಂದ ಬಂದ ಹತ್ತಿ ಗಾಡಿಗಳು
ಗೇಟಿನಾಚೆ ಲೈನು ಹಿಡಿದವು. ಒಬ್ಬ ಹಾರ್ನ್ ಹೊಡೆದ,
ಬೂದೆಪ್ಪ ಹೋಗಿ ಏನೋ ಬೈದು ಬಂದ.
ಪರದೆಯ ಮೇಲೆ ಒಂದು ಗೆರೆ, ಮಿಣುಕು, ಬೇರೇನೂ ಇಲ್ಲ.
ಕರೆಂಟು ಹೋಗದಿರಲಿ ಎಂದು ಬೇಡಿಕೊಂಡೆ,
ಕರೆಂಟು ಹುಟ್ಟುವ ಶಕ್ತಿನಗರ ಇಷ್ಟು ಹತ್ತಿರ ಇದ್ದೂ.

ಆಗ ನೆನಪಾಯಿತು ಒಂದನೇ ಚೀಟಿ.
ಕಾಟಾ ಕೂಡಿಸಿದ ದಿನ ಗಾಡಿ ಒಂದೂ ಬಂದಿರಲಿಲ್ಲ.
ಪರೀಕ್ಷೆಗೆಂದು ಕಬ್ಬಿಣದ ಹಲಗೆ ಮೇಲೆ ನಾವೇ ನಿಂತೆವು:
ಬೂದೆಪ್ಪ, ತಾಯಪ್ಪ, ಮೌಲಾಲಿ, ನಾನು.
ಹೈದರಾಬಾದಿನಿಂದ ಬಂದಿದ್ದ ಹುಡುಗ ನಗುತ್ತ ಬರೆದ,
ವಾಹನ: ನಾಲ್ಕು ಮಂದಿ. ಮಾಲು: ಇಲ್ಲ.
ತೂಕ: ಇನ್ನೂರ ಇಪ್ಪತ್ತು ಕಿಲೋ.
ಅದೂ ಆ ತಾರೀಖಿಗಿಂತ ಹಿಂದಿನದೇ.
ಉಳಿದವರೀಗ ಹೊಸ ಮನೆಗೆ ನಡೆಯುತ್ತಿದ್ದಾರೆ,
ನಾವು ನಾಲ್ವರು ಆ ಸಾಲಿನಲ್ಲಿಲ್ಲ.
ಬೂದೆಪ್ಪನಿಗೆ ಹೇಳಲಿಲ್ಲ.
ಖಾಲಿ ಚೀಲ ಹಾಸಿಕೊಂಡು ಮಲಗಿಬಿಟ್ಟಿದ್ದ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮುಗಿಯಿತು.
ತೊಂಬತ್ತಾರು ಹೋಗಿ ನಲವತ್ತೊಂದು.
ಡಬ್ಬಿಯ ಸದ್ದೂ ಸಣ್ಣಗಾಯಿತೋ, ನನಗೇ ಹಾಗನಿಸಿತೋ.
ಗೇಟು ತೆಗೆದೊಡನೆ ಒಳಬಂದವನು ದೇವದುರ್ಗದ ಹುಡುಗ,
ಕಣ್ಣಲ್ಲಿ ನಿದ್ದೆ, ತಲೆ ತುಂಬ ಹತ್ತಿಯ ಎಳೆ.
ಚೀಟಿ ಕೊಟ್ಟೆ. ದೀಪಕ್ಕೆ ಹಿಡಿದು ಓದಿದ.
"ಅಕ್ಕಾ, ಇವತ್ತ ಮೊದಲನೇದು ನಂದ ಅಲ್ಲೇನು?
ಹನ್ನೊಂದು ಲಕ್ಷ ನಲವತ್ತೆಂಟು ಸಾವಿರದ
ಒಂಬೈನೂರ ಮೂರು ಅಂತ ಯಾಕ ಬಂದೈತಿ?
ನನಗಿಂತ ಮುಂಚೆ ಅಷ್ಟು ಮಂದಿ ಎಲ್ಲಿ ಹೋದರು?"

"ಮುಂದ ಹೋಗಪ್ಪ," ಅಂದೆ, "ಹಿಂದ ಗಾಡಿ ನಿಂತಾವ.
ಮಾಲು ಇಳಿಸಿ ತಿರುಗಿ ಬಾ.
ಖಾಲಿ ತೂಕ ಹಾಕಬೇಕು."